ಆಸ್ಪತ್ರೆಯ ಸಂಬಳ ತಗೊಂಡ ಡೂಲಾ ಯಾರ ಕಡೆ?

ಕೊಥ್ರೂಡ್_ಧಾರವಾಡದಾಕೆ:
ಪುಣೆ, ಮುಂಬೈ, ಗೋವಾ ಕಡೆಯ ಕನ್ನಡದವರು ಸ್ವಲ್ಪ ಓದಿ ಹೇಳಿ. ನಾನು ಡೂಲಾ. ಅಂದರೆ ಹೆರಿಗೆ ನೋವು ಶುರುವಾದಾಗಿಂದ ಮಗು ಹಾಲು ಕುಡಿಯುವವರೆಗೆ ತಾಯಿ ಪಕ್ಕ ಬಿಟ್ಟು ಕದಲದೆ ಇರುವುದು ನನ್ನ ಕೆಲಸ. ಸೊಂಟ ಒತ್ತುತ್ತೇನೆ, ಉಸಿರು ಬಿಡುವುದನ್ನು ನೆನಪಿಸುತ್ತೇನೆ, ಮಗ್ಗುಲು ಬದಲಿಸಲು ಕೈ ಕೊಡುತ್ತೇನೆ. ಬಿಪಿ ನೋಡುವುದಿಲ್ಲ, ಒಳಪರೀಕ್ಷೆ ಮಾಡುವುದಿಲ್ಲ, ಮಗುವಿನ ಎದೆಬಡಿತ ಪರೀಕ್ಷಿಸುವುದಿಲ್ಲ. ಹೆರಿಗೆ ಮಾಡಿಸುವುದಂತೂ ಇಲ್ಲವೇ ಇಲ್ಲ, ಅದು ಡಾಕ್ಟರು, ಸಿಸ್ಟರು, ಮಿಡ್‌ವೈಫ್‌ಗಳ ಕೆಲಸ.

ಇಷ್ಟು ದಿನ ಸ್ವಂತವಾಗಿ ಮಾಡುತ್ತಿದ್ದೆ. ಮನೆಯವರು ಕರೆಯುತ್ತಾರೆ, ಅವರೇ ಫೀಸು ಕೊಡುತ್ತಾರೆ. ಒಂದು ತಿಂಗಳು ಕೈತುಂಬ ಕೆಲಸ, ಇನ್ನೊಂದು ತಿಂಗಳು ಫೋನೇ ಬರುವುದಿಲ್ಲ. ಈಗ ಇಲ್ಲಿನ ಒಂದು ಖಾಸಗಿ ಹೆರಿಗೆ ಆಸ್ಪತ್ರೆ ತಿಂಗಳ ಸಂಬಳಕ್ಕೆ ಕರೆದಿದೆ. ಡೆಲಿವರಿ ಪ್ಯಾಕೇಜಿನಲ್ಲಿ ಡೂಲಾ ಕೂಡ ಸೇರಿಸುತ್ತಾರಂತೆ. ಸಂಬಳ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ.

ಆದರೆ ಪತ್ರದಲ್ಲಿ ಮೂರು ಷರತ್ತು ಹಾಕಿದ್ದಾರೆ. ಡಾಕ್ಟರ ಸಲಹೆ ಬಗ್ಗೆ ಪೇಷಂಟ್ ಜೊತೆ ಚರ್ಚೆ ಮಾಡಬಾರದು. ಬರ್ತ್ ಪ್ಲಾನ್, ಅಂದರೆ ಹೆರಿಗೆ ಹೇಗಿರಬೇಕು ಅಂತ ತಾಯಿ ಮೊದಲೇ ಬರೆದಿಡುವುದು, ಆಸ್ಪತ್ರೆಯ ಅಚ್ಚಾದ ಫಾರಂನಲ್ಲೇ ಇರಬೇಕು. ಲೇಬರ್ ರೂಮಿನಲ್ಲಿ ನಾನು ಬರೆದುಕೊಳ್ಳುವ ಟಿಪ್ಪಣಿ ಆಸ್ಪತ್ರೆಗೆ ಸೇರಿದ್ದು, ತಾಯಿಗೂ ಕೊಡುವಂತಿಲ್ಲ.

ಎರಡು, ಮೂರು ಹೇಗೋ ಆಗುತ್ತದೆ. ಮೊದಲನೆಯದೇ ಗಂಟಲಲ್ಲಿ ಇಳಿಯುತ್ತಿಲ್ಲ. ಸಹಿ ಹಾಕಲೋ ಬೇಡವೋ?

ಹಡಪ್ಸರ್_ಸಿಸ್ಟರ್:
ಹಾಕಿ. ಉಂಡ ಮನೆಗೆ ಎರಡು ಬಗೆಯಬಾರದು ಅಂತ ನಮ್ಮ ಹಿರಿಯರು ಸುಮ್ನೆ ಹೇಳಿಲ್ಲ.

ನಾನು ಲೇಬರ್ ರೂಮ್ ಸಿಸ್ಟರ್. ನನ್ನ ಕಡೆಯಿಂದಲೂ ನೋಡಿ ಅಕ್ಕಾ. ರಾತ್ರಿ ಪಾಳಿಯಲ್ಲಿ ಒಬ್ಬಳ ಕೈಯಲ್ಲಿ ಮೂರು ನಾಲ್ಕು ಜನ ಇರುತ್ತಾರೆ, ಒಬ್ಬಳಿಗೆ ನೋವು ಏರಿದೆ, ಒಬ್ಬಳಿಗೆ ಬಿಪಿ ಏರಿದೆ, ಇನ್ನೊಬ್ಬಳ ಅತ್ತೆ ಬಾಗಿಲಲ್ಲಿ ನಿಂತು ಇನ್ನೂ ಎಷ್ಟೊತ್ತು ಅಂತ ಕೇಳುತ್ತಿದ್ದಾರೆ. ಆ ಹೊತ್ತಿಗೆ ಹೊರಗಿನಿಂದ ಬಂದ ಡೂಲಾ, ನಾನು ನೋವು ಜೋರು ಮಾಡುವ ಪಿಟೋಸಿನ್ ಔಷಧ ಹಾಕಲು ಕೈ ಎತ್ತಿದ ಕೂಡಲೇ ತಾಯಿಗೆ ಕಣ್ಸನ್ನೆ ಮಾಡುತ್ತಾಳೆ, ಬೇಡ ಅನ್ನು ಅಂತ. ಹೆಚ್ಚುಕಡಿಮೆ ಆದರೆ ಮೆಮೋ ಯಾರಿಗೆ ಬರುತ್ತದೆ? ಅವಳು ಮನೆಗೆ ಹೋಗಿ ಮಲಗುತ್ತಾಳೆ.

ಸರ್ಕಾರವೂ ಅದನ್ನೇ ಹೇಳಿದೆ. 2016ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಹೊತ್ತಿಗೆ ಜೊತೆಗಾತಿಯನ್ನು ಬಿಡಿ ಅಂತ ಕೇಂದ್ರ ಆರೋಗ್ಯ ಇಲಾಖೆ ಹೇಳಿತಲ್ಲ, ಅದರಲ್ಲೇ ಷರತ್ತು ಇತ್ತು. ಸಿಬ್ಬಂದಿ ಕೆಲಸಕ್ಕೂ ಚಿಕಿತ್ಸೆಗೂ ಅಡ್ಡ ಬರಬಾರದು, ಪಕ್ಕದ ಹಾಸಿಗೆಯವರ ವಿಷಯಕ್ಕೆ ಹೋಗಬಾರದು. ಮನೆಯವರಿಗೇ ಆ ನಿಯಮ. ಸಂಬಳ ತಗೊಳ್ಳುವವರಿಗೆ ಬೇಡವಾ?

ಡೊಂಬಿವಲಿ_ಸೊಸೆ:
ಸಿಸ್ಟರ್, ನಿಮ್ಮ ಕಷ್ಟ ಒಪ್ಪುತ್ತೇನೆ. ಆದರೆ ನನಗೆ ಆದದ್ದು ಕೇಳಿ. ಆಸ್ಪತ್ರೆ ಹೆಸರು ಬೇಡ. ನಮ್ಮದೂ ಪ್ಯಾಕೇಜೇ, ಡೂಲಾನೂ ಅದರಲ್ಲೇ ಬಂದಳು. ಒಳ್ಳೆಯ ಹುಡುಗಿ. ಕ್ಲಾಸಿನಲ್ಲಿ ಅವಳೇ ನಮಗೆ ಹೇಳಿಕೊಟ್ಟಿದ್ದಳು, ಏನಾದರೂ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಯಾಕೆ ಬೇಕು, ಬೇರೆ ದಾರಿ ಏನಿದೆ, ಸ್ವಲ್ಪ ಕಾದರೆ ಏನಾಗುತ್ತದೆ.

ಸಂಜೆ ಗರ್ಭಕೋಶದ ಬಾಯಿ 4 ಸೆಂಟಿಮೀಟರ್ ತೆರೆದಿತ್ತು. ನನ್ನದೂ ಮಗುವಿನದೂ ಎಲ್ಲ ಸರಿ ಇದೆ ಅಂತ ಅವರೇ ಹೇಳಿದ್ದರು. ಡಾಕ್ಟರು ಬಂದರು, ಗಡಿಯಾರ ನೋಡಿದರು, ನೋವು ಜೋರು ಮಾಡುವ ಡ್ರಿಪ್ ಶುರು ಮಾಡಿ ಅಂದರು. ಕಾಯಬಹುದಾ ಅಂತ ಕೇಳಬೇಕು ಅನ್ನಿಸಿತು. ಅಷ್ಟರಲ್ಲಿ ನೋವಿನ ಅಲೆ ಬಂತು, ಬಾಯಿಂದ ಮಾತೇ ಹೊರಡಲಿಲ್ಲ. ಅವಳ ಮಣಿಕಟ್ಟು ಹಿಡಿದೆ. ಉಗುರು ನಾಟಿರಬೇಕು. ಅವಳಿಗೆ ಅರ್ಥ ಆಯಿತು, ಆದದ್ದು ಮುಖದಲ್ಲೇ ಕಂಡಿತು. ಡಾಕ್ಟರ ಕಡೆ ನೋಡಿದಳು. ಆಮೇಲೆ ನನ್ನ ತಲೆ ಸವರಿ, ಮೇಡಂ ಹೇಳಿದ ಹಾಗೆ ಮಾಡೋಣ ಅಲ್ವಾ ಅಂದಳು.

ಕೊನೆಗೆ ಸಿಸೇರಿಯನ್ ಆಯಿತು. ಅದು ಬೇಕೇ ಇತ್ತು ಅಂತಲೇ ಇಟ್ಟುಕೊಳ್ಳಿ, ನನಗೆ ಅದರ ಮೇಲೆ ಸಿಟ್ಟಿಲ್ಲ. ನನ್ನ ಬಾಯಿ ಕಟ್ಟಿದಾಗ ನನ್ನ ಪ್ರಶ್ನೆ ಕೇಳಲಿ ಅಂತ ಒಬ್ಬಳನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದೆ. ಅವಳ ಬಾಯಿಯನ್ನು ಮೊದಲೇ ಕಟ್ಟಿದ್ದರು. ಪ್ಯಾಕೇಜಿನ ಕಾಗದದಲ್ಲಿ ಅದನ್ನು ಎಲ್ಲೂ ಬರೆದಿರಲಿಲ್ಲ.

ವಾಕಡ್_ಟೆಕ್ಕಿ:
ನಡುವೆ ಬಂದೆ, ಕ್ಷಮಿಸಿ. ನನ್ನ ಹೆಂಡತಿಗೆ ಈಗ ಎಂಟನೇ ತಿಂಗಳು. ನಮ್ಮಮ್ಮ ಪಂಚಾಂಗ ತೋರಿಸಿ ಮುಹೂರ್ತ ಹಾಕಿಸಿದ್ದಾರೆ, ಆ ದಿನವೇ ಸಿಸೇರಿಯನ್ ಆಗಲಿ ಅಂತ. ಹೆಂಡತಿ ಬೇಡ ಅನ್ನುತ್ತಿದ್ದಾಳೆ. ಡೂಲಾ ಅವಳಿಗೆ ಸ್ವಲ್ಪ ತಿಳಿಸಿ ಹೇಳಬಹುದಾ? ಫೀಸು ಹೇಗೂ ನಾನೇ ಕೊಡುವುದು.

ಡೊಂಬಿವಲಿ_ಸೊಸೆ:
ಅಯ್ಯೋ ದೇವರೇ.

ಕೊಥ್ರೂಡ್_ಧಾರವಾಡದಾಕೆ:
ನಗಬೇಡಿ, ಇದು ದಿನಾ ಬರುವ ಫೋನು. ತಮ್ಮಾ, ಫೀಸು ನೀವು ಕೊಟ್ಟರೂ ನಾನು ನಿಮ್ಮ ಕೆಲಸದವಳಲ್ಲ. ನಿಮ್ಮ ಹೆಂಡತಿಯ ಕೆಲಸಕ್ಕೆ ಬಂದವಳು. ಮೊದಲ ಭೇಟಿಯಲ್ಲೇ ಗಂಡನ ಎದುರಿಗೆ ಇದನ್ನು ಹೇಳಿಬಿಡುತ್ತೇನೆ. ಕೆಲವರು ಅಲ್ಲಿಗೇ ಬೇರೆಯವರನ್ನು ಹುಡುಕುತ್ತಾರೆ. ಹುಡುಕಲಿ.

ಅಮ್ಮನಿಗೆ ಒಂದು ಮಾತು ಹೇಳಿ. ಕಾರಣವಿಲ್ಲದೆ 39 ವಾರಕ್ಕೆ ಮೊದಲು ಮಗುವನ್ನು ತೆಗೆದರೆ ಉಸಿರಾಟದ ತೊಂದರೆ ಜಾಸ್ತಿ. ಪಂಚಾಂಗಕ್ಕಿಂತ ಅದನ್ನು ಮೊದಲು ಡಾಕ್ಟರ ಹತ್ತಿರ ಕೇಳಿಕೊಂಡು ಬನ್ನಿ.

ಅಂದಹಾಗೆ, ಸ್ವಂತ ಕೆಲಸ ಅಂದರೆ ಯಾರ ಹಂಗೂ ಇಲ್ಲ ಅಂತ ಅಂದುಕೊಳ್ಳಬೇಡಿ. ಒಂದು ಕಡೆ ಮನೆಯವರು, ಇನ್ನೊಂದು ಕಡೆ ನನ್ನ ಹೆಸರು ಹೇಳಿ ಪೇಷಂಟ್ ಕಳಿಸುವ ಡಾಕ್ಟರು. ಅವರ ಎದುರು ಒಂದು ಪ್ರಶ್ನೆ ಜಾಸ್ತಿ ಆದರೆ ಮುಂದಿನ ಪೇಷಂಟ್ ಬರುವುದಿಲ್ಲ. ಯಾರೂ ಬೈಯುವುದಿಲ್ಲ. ಫೋನು ನಿಲ್ಲುತ್ತದೆ, ಅಷ್ಟೇ.

ಘಾಟ್ಕೋಪರ್_ಮಾವ:
ಅಲ್ಲಿಗೆ ಕಟ್ ಪ್ರಾಕ್ಟೀಸ್, ಅದೇ ಪೇಷಂಟ್ ಕಳಿಸಿದ್ದಕ್ಕೆ ಕಮಿಷನ್, ಇಲ್ಲಿಗೂ ಬಂತು ಅನ್ನಿ.

ಕೊಥ್ರೂಡ್_ಧಾರವಾಡದಾಕೆ:
ಕಳಿಸಿದ ಪೇಷಂಟಿಗೆ ಇಷ್ಟು ಅಂತ ಕೇಳಿದವರೂ ಇದ್ದಾರೆ ಮಾವ. ಕೊಟ್ಟಿಲ್ಲ. ಡಾಕ್ಟರು ಹಾಗೆ ಕಮಿಷನ್ ತಗೊಳ್ಳುವುದು, ಕೊಡುವುದು ಎರಡೂ ತಪ್ಪು ಅಂತ ವೈದ್ಯಕೀಯ ಮಂಡಳಿಯ 2002ರ ನೀತಿ ನಿಯಮಗಳಲ್ಲೇ ಇದೆ. ಮಹಾರಾಷ್ಟ್ರ ಸರ್ಕಾರ 2017ರಲ್ಲಿ ಇದಕ್ಕೆಂದೇ ಕಾನೂನಿನ ಕರಡು ಮಾಡಿಸಿತು. ಆದರೆ ಆ ನಿಯಮದಲ್ಲಿ ಡೂಲಾ ಎಲ್ಲಿ ಬರುತ್ತಾಳೆ? ನಮಗೆ ಮಂಡಳಿಯೂ ಇಲ್ಲ, ನೋಂದಣಿಯೂ ಇಲ್ಲ. ಸಿಸ್ಟರಿಗೆ ನರ್ಸಿಂಗ್ ಕೌನ್ಸಿಲ್ ಇದೆ. ಮಿಡ್‌ವೈಫ್‌ಗೆ 2018ರ ಮಾರ್ಗಸೂಚಿ ಪ್ರಕಾರ 18 ತಿಂಗಳ ತರಬೇತಿ ಇದೆ. ನಾವು ಯಾವುದೋ ಸಂಸ್ಥೆಯಲ್ಲಿ ಸರ್ಟಿಫಿಕೇಟ್ ತಗೊಂಡು ಬಂದವರು.

ಮಡಗಾಂವ್_ಹೆರಿಗೆ_ಡಾಕ್ಟರ್:
ಕುಮಟೆ ಕಡೆಯವನು, ಗೋವಾದಲ್ಲಿ ಪ್ರಾಕ್ಟೀಸ್. ಇಲ್ಲಿ ನನಗೆ ಬೈಗುಳವೇ ಬರಬಹುದು, ಆದರೂ ಬರೆಯುತ್ತೇನೆ.

ಹೆರಿಗೆಯಲ್ಲಿ ಚರ್ಚೆಗೆ ಸಮಯ ಇರುವ ಗಳಿಗೆಯೂ ಇದೆ, ಇಲ್ಲದ ಗಳಿಗೆಯೂ ಇದೆ. ನೀರು ಒಡೆದು ಮಗುವಿಗಿಂತ ಮೊದಲು ಹೊಕ್ಕುಳಬಳ್ಳಿ ಜಾರಿ ಕೆಳಗೆ ಬಂದರೆ ನನ್ನ ಕೈಯಲ್ಲಿ ಕೆಲವೇ ನಿಮಿಷ. ಸಿಸ್ಟರ್ ಮಗುವಿನ ತಲೆಯನ್ನು ಒಳಗಿನಿಂದ ಕೈಯಲ್ಲೇ ಮೇಲಕ್ಕೆ ತಳ್ಳಿ ಹಿಡಿದುಕೊಂಡು ಸ್ಟ್ರೆಚರ್ ಜೊತೆ ಓಡುತ್ತಿರುತ್ತಾಳೆ. ಆಗ ಯಾರಾದರೂ ಬೇರೆ ದಾರಿ ಏನಿದೆ ಅಂತ ಕೇಳಿದರೆ ಪಕ್ಕಕ್ಕೆ ಸರಿಯಿರಿ ಅನ್ನುತ್ತೇನೆ. ಅದಕ್ಕೆ ಕ್ಷಮೆ ಕೇಳುವುದಿಲ್ಲ.

ಆದರೆ ಡೊಂಬಿವಲಿಯವರು ಹೇಳಿದ ಗಳಿಗೆ ಅಂಥದ್ದಲ್ಲ. 2018ರ ಡಬ್ಲ್ಯುಎಚ್‌ಓ ಶಿಫಾರಸು ನೋಡಿ. ನೋವಿನ ಜೋರು ಹಂತವನ್ನು 5 ಸೆಂಟಿಮೀಟರಿನಿಂದ ಲೆಕ್ಕ ಹಾಕಿ, ತಾಯಿ ಮಗು ಚೆನ್ನಾಗಿದ್ದರೆ ಅದಕ್ಕೆ ಮೊದಲು ಔಷಧ ಹಾಕಿ ಅವಸರ ಮಾಡಬೇಡಿ, ಗಂಟೆಗೆ 1 ಸೆಂಟಿಮೀಟರ್ ಆಗಲಿಲ್ಲ ಅನ್ನುವುದೊಂದನ್ನೇ ಕಾರಣ ಮಾಡಬೇಡಿ ಅಂತ ಇದೆ. ಅವರು ಕೇಳಬೇಕು ಅಂದುಕೊಂಡಿದ್ದ ಪ್ರಶ್ನೆ ಸರಿಯಾದದ್ದೇ.

ಅವಸರ ಯಾಕೆ ಆಗುತ್ತದೆ? ಎಲ್ಲ ದುಡ್ಡಿಗೇ ಅಂತ ಜನ ಹೇಳುತ್ತಾರೆ. ಅಷ್ಟು ಸರಳ ಅಲ್ಲ. ಬೆಳಗ್ಗೆ ಒಪಿಡಿ ಇದೆ, ಅರಿವಳಿಕೆ ಡಾಕ್ಟರು ರಾತ್ರಿ ಸಿಗುವುದಿಲ್ಲ, ಏನಾದರೂ ಆದರೆ ಯಾಕೆ ಕಾದಿರಿ ಅಂತ ಕೋರ್ಟ್ ಕೇಳುತ್ತದೆ. ಬೇಗ ಯಾಕೆ ಕತ್ತರಿಸಿದಿರಿ ಅಂತ ಕೇಳುವವರು ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಯಲ್ಲಿ ಶೇ. 47.4 ಸಿಸೇರಿಯನ್, ಸರ್ಕಾರಿಯಲ್ಲಿ ಶೇ. 14.3. ಮಹಾರಾಷ್ಟ್ರ ಒಟ್ಟು ಶೇ. 25.4, ನಮ್ಮ ಗೋವಾ ಶೇ. 39.5. ನಮ್ಮವರೇ ಈ ಅಂಕಿ ನೋಡಿ ಸುಮ್ಮನಿರುತ್ತಾರೆ.

ಹಾಗಿದ್ದರೂ ನನಗೆ ಆಸ್ಪತ್ರೆಯ ಡೂಲಾನೇ ವಾಸಿ. ಅವಳು ಏನು ಮಾಡುತ್ತಾಳೆ ಅಂತ ನನಗೆ ಗೊತ್ತಿರುತ್ತದೆ, ನಾನು ಎಲ್ಲಿ ಗಾಬರಿ ಆಗುತ್ತೇನೆ ಅಂತ ಅವಳಿಗೆ ಗೊತ್ತಿರುತ್ತದೆ.

ಡೊಂಬಿವಲಿ_ಸೊಸೆ:
ಡಾಕ್ಟ್ರೇ, ನಿಮ್ಮ ಕೊನೆಯ ಸಾಲು ನಿಮಗೆ ಅನುಕೂಲ. ನನಗಲ್ಲ.

ಚೆಂಬೂರು_ಪಿಎಚ್‌ಡಿ:
ಇದಕ್ಕೆ ಪುರಾವೆಯೂ ಇದೆ. ಹೆರಿಗೆಯಲ್ಲಿ ಬಿಡದೆ ಒಬ್ಬರು ಜೊತೆಗಿದ್ದರೆ ಏನಾಗುತ್ತದೆ ಅಂತ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆ ಆಗಾಗ ಪ್ರಕಟವಾಗುತ್ತದೆ. 2017ರದ್ದರಲ್ಲಿ 17 ದೇಶಗಳ 26 ಅಧ್ಯಯನ, 15,858 ಹೆಂಗಸರು. ಜೊತೆ ಇದ್ದವರಲ್ಲಿ ಸಹಜ ಹೆರಿಗೆ ಜಾಸ್ತಿ, ಸಿಸೇರಿಯನ್ ಕಡಿಮೆ, ಹೆರಿಗೆ ಬಗ್ಗೆ ಕಹಿ ಉಳಿಸಿಕೊಂಡವರೂ ಕಡಿಮೆ. ಈ ಚರ್ಚೆಗೆ ಬೇಕಾದದ್ದು ಅದಕ್ಕಿಂತ ಹಿಂದಿನ, 2013ರ ಆವೃತ್ತಿಯಲ್ಲಿದೆ. ಜೊತೆಗಿದ್ದವರು ಆಸ್ಪತ್ರೆ ಸಿಬ್ಬಂದಿಯೂ ಅಲ್ಲ, ಮನೆಯವರೂ ಅಲ್ಲ ಅಂದಾಗ ಪರಿಣಾಮ ಎಲ್ಲಕ್ಕಿಂತ ಚೆನ್ನಾಗಿತ್ತು ಅಂತ. ಅಂದರೆ ಸಿಸ್ಟರಿಗೆ ಪ್ರೀತಿ ಇಲ್ಲ ಅಂತಲ್ಲ. ಬೇರೆ ಕೆಲಸವಿಲ್ಲದೆ, ಬೇರೆ ಯಾರಿಗೂ ಉತ್ತರ ಕೊಡಬೇಕಿಲ್ಲದೆ ಕೂತವರಿಂದ ಆಗುವ ಲಾಭ ಅದು, ನನಗೆ ತಿಳಿದ ಮಟ್ಟಿಗೆ.

ಹಾಗಾಗಿ ಆಸ್ಪತ್ರೆ ಡೂಲಾಳನ್ನು ಸಂಬಳಕ್ಕೆ ತಗೊಂಡು ಬಾಯಿ ಮುಚ್ಚಿಸಿದರೆ, ಜಾಹೀರಾತಿಗೆ ಬಳಸಿಕೊಂಡ ಲಾಭ ಯಾವ ಕಾರಣಕ್ಕೆ ಬರುತ್ತಿತ್ತೋ ಅದನ್ನೇ ತೆಗೆದುಹಾಕಿದ ಹಾಗಾಯಿತು.

ಹಡಪ್ಸರ್_ಸಿಸ್ಟರ್:
ಸರಿ, ಅಧ್ಯಯನ ನೀವು ಓದಿದ್ದೀರಿ, ನಾನು ಓದಿಲ್ಲ. ಹಾಗಾದರೆ ಡೂಲಾ ಏನು ಮಾಡಬೇಕು ಹೇಳಿ? ಡಾಕ್ಟರ ಎದುರು ವಾದ ಮಾಡಬೇಕಾ?

ಮಾಟುಂಗಾ_ವಕೀಲ:
ವಾದ ಮಾಡಬಾರದು ಸಿಸ್ಟರ್, ವಾದ ಮಾಡುವುದು ನಮ್ಮ ಕೆಲಸ :)

ಕಾನೂನಿನಲ್ಲಿ ಇದು ಸ್ಪಷ್ಟ ಇದೆ. 2008ರಲ್ಲಿ ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದ ಹೆಂಗಸಿನ ಗರ್ಭಕೋಶವನ್ನು, ಹೊರಗಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ಆ ಒಪ್ಪಿಗೆ ನಡೆಯುವುದಿಲ್ಲ ಅಂದಿತು ಕೋರ್ಟು. ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕಳ ಪರವಾಗಿ ಬೇರೆಯವರು ಹೂಂ ಅನ್ನುವಂತಿಲ್ಲ. ಯಾಕೆ, ಏನು ಅಪಾಯ, ಬೇರೆ ದಾರಿ ಏನು ಅಂತ ಸಾಕಷ್ಟು ತಿಳಿಸಿ ಒಪ್ಪಿಗೆ ತಗೊಳ್ಳಬೇಕು. ಜೀವ ಉಳಿಸಲು ತಡ ಮಾಡುವಂತಿಲ್ಲ ಅನ್ನುವ ತುರ್ತಿಗೆ ಮಾತ್ರ ವಿನಾಯಿತಿ. ಮಡಗಾಂವ್ ಡಾಕ್ಟರು ಹೇಳಿದ ಮೊದಲ ಗಳಿಗೆ ಆ ಬಗೆಯದು, ಡ್ರಿಪ್ಪಿನದು ಅಲ್ಲ.

ಅಂದರೆ ಗಂಡನೂ ಒಪ್ಪಿಗೆ ಕೊಡುವಂತಿಲ್ಲ, ಡೂಲಾನೂ ಕೊಡುವಂತಿಲ್ಲ, ಬೇಡ ಅನ್ನುವಂತೆಯೂ ಇಲ್ಲ. ಕಣ್ಸನ್ನೆ ಮಾಡುವ ಡೂಲಾ ತಪ್ಪು. ತಾಯಿ ಕೇಳಬೇಕೆಂದಿದ್ದ ಪ್ರಶ್ನೆಯನ್ನು ನುಂಗಿಸುವ ಡೂಲಾನೂ ತಪ್ಪು.

ನಿಮ್ಮ ಪತ್ರದ ವಿಷಯಕ್ಕೆ ಬಂದರೆ, ಮಾನವ ಹಕ್ಕುಗಳ ಆಯೋಗದ 2018ರ ರೋಗಿ ಹಕ್ಕುಗಳ ಪಟ್ಟಿಯಲ್ಲಿ ಮಾಹಿತಿ ಕೇಳುವುದು, ಎರಡನೇ ಅಭಿಪ್ರಾಯ ಪಡೆಯುವುದು ಎರಡೂ ಇವೆ. ಮಹಾರಾಷ್ಟ್ರ 2021ರಲ್ಲಿ ನರ್ಸಿಂಗ್ ಹೋಂ ನೋಂದಣಿ ನಿಯಮ ತಿದ್ದಿ ರೋಗಿ ಹಕ್ಕುಗಳ ಪಟ್ಟಿಯನ್ನು ಅದರೊಳಗೇ ಸೇರಿಸಿದೆ. ಗೋಡೆಯ ಮೇಲೆ ಹಕ್ಕು ತೂಗುಹಾಕಿ, ಕೆಳಗೆ ಕೂತವಳಿಗೆ ಅದರ ಬಗ್ಗೆ ಮಾತಾಡಬೇಡ ಅಂತ ಬರೆಸಿಕೊಂಡರೆ ಹೇಗೆ? ಟಿಪ್ಪಣಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅದು ಕೇಸ್ ಪೇಪರ್, ಅಂದರೆ ಆಸ್ಪತ್ರೆಯ ಚಿಕಿತ್ಸಾ ದಾಖಲೆ, ಅಲ್ಲ. ಕೇಸ್ ಪೇಪರಿನ ನಕಲು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ನಿಯಮದಲ್ಲೇ ಇದೆ, ತಾಯಿ ಅದನ್ನು ಕೇಳಿ ಪಡೆಯಲಿ.

ಪಿಂಪ್ರಿ_ಕಲಬುರಗಿ:
ನೀವೆಲ್ಲ ಪ್ಯಾಕೇಜ್ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಕಟ್ಟಡ ಕೆಲಸದ ವಸತಿಗಳಲ್ಲಿ ಓಡಾಡುವವಳು. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದ ಹೆಣ್ಣುಮಕ್ಕಳು ಇಲ್ಲಿ ಬೇಕಾದಷ್ಟು. ಚೊಚ್ಚಲಿಗೆ ತವರಿಗೆ ಹೋಗುತ್ತಾರೆ, ಎರಡನೆಯದಕ್ಕೆ ಕೂಲಿ ಬಿಟ್ಟು ಹೋಗಲು ಆಗುವುದಿಲ್ಲ, ಇಲ್ಲೇ ಸರ್ಕಾರಿ ಆಸ್ಪತ್ರೆಗೆ ಬರುತ್ತಾರೆ. ಮರಾಠಿ ಬರುವುದಿಲ್ಲ. ಫಾರಂ ಮರಾಠಿಯಲ್ಲಿ ಇರುತ್ತದೆ, ಹೆಬ್ಬೆಟ್ಟು ಒತ್ತುತ್ತಾರೆ.

ನಾನು ಡೂಲಾ ಅಲ್ಲ, ನಮ್ಮೂರಿನವಳು ಅಂತ ಒಳಗೆ ಬಿಡುತ್ತಾರೆ. ಡಾಕ್ಟರು ನಾಲ್ಕು ಮಾತು ಹೇಳುತ್ತಾರೆ, ಅದನ್ನು ನಾನು ಇವಳಿಗೆ ಹೇಳಬೇಕು. ನಿಮಗೆ ಗೊತ್ತಾ, ಆ ಹೊತ್ತಿಗೆ ಎಲ್ಲ ನನ್ನ ಕೈಯಲ್ಲೇ ಇರುತ್ತದೆ. "ಹೊಟ್ಟೆ ಕೊಯ್ಯತಾರಂತ, ಹೂಂ ಅನ್ನು" ಅಂತಲೂ ಹೇಳಬಹುದು. "ಕೂಸಿನ ಎದಿ ಬಡಿಯೂದು ಕಡಿಮಿ ಆಗೇದಂತ, ಅದಕ್ಕ ಆಪರೇಷನ್ ಮಾಡೂಣು ಅಂತಾರ, ಏನರ ಕೇಳೂದೈತೇನು?" ಅಂತಲೂ ಹೇಳಬಹುದು. ನಾನು ಎರಡನೆಯದು ಹೇಳುತ್ತೇನೆ. ಅದಕ್ಕೆ ಅರ್ಧ ನಿಮಿಷ ಜಾಸ್ತಿ ಹಿಡಿಯುತ್ತದೆ. ಕೆಲವು ಡಾಕ್ಟರು ಸುಮ್ಮನೆ ಕಾಯುತ್ತಾರೆ, ಕೆಲವರು ನಾಲ್ಕು ಮಾತಿಗೆ ಇಷ್ಟೊತ್ತು ಯಾಕೆ ಅನ್ನುತ್ತಾರೆ. ಒಬ್ಬಳು ಕೇಳಿದ್ದು ನೆನಪಿದೆ: "ಕೊಯ್ದರ ಮತ್ತ ಇಟ್ಟಂಗಿ ಹೊರೂದು ಯಾವಾಗ?" ಡಾಕ್ಟರಿಗೆ ಅದನ್ನು ಹಾಗೇ ಹೇಳಿದೆ. ಅವರು ಸ್ಟೂಲ್ ಎಳೆದುಕೊಂಡು ಕೂತು, ಎಷ್ಟು ದಿನ ಭಾರ ಎತ್ತಬಾರದು ಅಂತ ವಿವರವಾಗಿ ಹೇಳಿದರು. ಒಳ್ಳೆಯ ಮನುಷ್ಯ.

ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟಾಗ ನಾವೆಲ್ಲ ಹೆಮ್ಮೆ ಪಟ್ಟೆವು. ಅವರಿಗೆ ಆಸ್ಪತ್ರೆಯೂ ಇರಲಿಲ್ಲ, ಮೇಲಿನವರೂ ಇರಲಿಲ್ಲ, ಹೆರುವವಳು ಒಬ್ಬಳೇ. ಈಗ ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಅದು ಒಳ್ಳೆಯದೇ, ತಾಯಿ ಸಾಯುವುದು ಕಡಿಮೆ ಆಗಿದೆ. ಆದರೆ ಪಕ್ಕದಲ್ಲಿ ಕೂರುವವಳನ್ನು ಬಾಗಿಲ ಹೊರಗೇ ಬಿಟ್ಟು ಬಂದೆವು. ಲೇಬರ್ ರೂಮ್ ಸುಧಾರಿಸಲು 2017ರಲ್ಲಿ ಬಂದ ಲಕ್ಷ್ಯ ಯೋಜನೆಯಲ್ಲೂ ಜೊತೆಗಾತಿಯ ಮಾತಿದೆ. ಎರಡು ಹಾಸಿಗೆ ನಡುವೆ ಪರದೆಯೇ ಇಲ್ಲದ ಕಡೆ ಜೊತೆಗಾತಿಯನ್ನು ಎಲ್ಲಿ ನಿಲ್ಲಿಸುತ್ತಾರೆ?

ಹಡಪ್ಸರ್_ಸಿಸ್ಟರ್:
ಪರದೆ ವಿಷಯ ನೂರಕ್ಕೆ ನೂರು ನಿಜ. ಮತ್ತೆ, ಇವರು ಮಾಡುವ ಕೆಲಸ ನನಗೆ ತೊಂದರೆ ಅಲ್ಲ, ಉಪಕಾರ. ಹೀಗೆ ಕೇಳಿಸುವವರು ಇದ್ದರೆ ನನ್ನ ಅರ್ಧ ಕೂಗಾಟ ಕಡಿಮೆ ಆಗುತ್ತದೆ. ನನಗೆ ಬೇಡವಾದದ್ದು ಡಾಕ್ಟರ್ ಹೊರಗೆ ಹೋದ ಮೇಲೆ ಪಿಸುಪಿಸು ಅನ್ನುವವರು. ಹೇಳುವುದಿದ್ದರೆ ನಮ್ಮ ಎದುರೇ ಹೇಳಿ.

ಮಡಗಾಂವ್_ಹೆರಿಗೆ_ಡಾಕ್ಟರ್:
ಸಿಸ್ಟರ್ ಹೇಳಿದ್ದಕ್ಕೆ ನನ್ನದೂ ಸೇರಿಸಿ. ಎದುರಿಗೆ ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡಬಲ್ಲೆ. ಡೊಂಬಿವಲಿಯವರೇ, ನೀವು ಹೇಳಿದ್ದು ಸರಿ, ಅದು ನನ್ನ ಅನುಕೂಲವೇ. ಆದರೂ ಹೊರಗಿನವಳು ಬಾಗಿಲಲ್ಲೇ ನಿಲ್ಲುವ ಆಸ್ಪತ್ರೆಗಳೇ ಜಾಸ್ತಿ. ಒಳಗೆ ಬರಬೇಕಾದರೆ ಸಂಬಳದ ದಾರಿ ಒಂದೇ ಇದ್ದರೆ? ಬಾಗಿಲ ಹೊರಗೆ ನಿಂತ ಡೂಲಾಳಿಂದ ಯಾರಿಗೆ ಉಪಯೋಗ?

ಕೊಥ್ರೂಡ್_ಧಾರವಾಡದಾಕೆ:
ನನಗೂ ಇದೇ ಕುತ್ತು ಡಾಕ್ಟ್ರೇ. ಈ ವಾರ ಹೋಗಿ ಕೂತು ಮಾತಾಡಿಕೊಂಡು ಬಂದೆ. ವಕೀಲರು ಹೇಳಿದ್ದನ್ನು ಮೆತ್ತಗೆ ಮಾಡಿ ಹೇಳಿದೆ. ಮೊದಲ ಷರತ್ತಿಗೆ ಹೀಗೆ ಬರೆದುಕೊಟ್ಟೆ: ಡೂಲಾ ತನ್ನದೇ ವೈದ್ಯಕೀಯ ಸಲಹೆ ಕೊಡುವುದಿಲ್ಲ, ತಾಯಿಯ ಪರವಾಗಿ ಒಪ್ಪುವುದೂ ಇಲ್ಲ, ಬೇಡ ಅನ್ನುವುದೂ ಇಲ್ಲ. ತಾಯಿಗೆ ಪ್ರಶ್ನೆ ಇದ್ದರೆ ಡಾಕ್ಟರ ಮತ್ತು ಸಿಸ್ಟರ ಎದುರಿಗೇ ಅದನ್ನು ಕೇಳಲು ನೆರವಾಗುತ್ತಾಳೆ. ತುರ್ತು ಅಂತ ಡಾಕ್ಟರು ಬಾಯಿಬಿಟ್ಟು ಹೇಳಿದರೆ ಪಕ್ಕಕ್ಕೆ ಸರಿಯುತ್ತಾಳೆ.

ಬಾಯಿಬಿಟ್ಟು ಹೇಳಿದರೆ ಅನ್ನುವುದನ್ನು ಬೇಕಂತಲೇ ಹಾಕಿದೆ. ಎಲ್ಲವೂ ತುರ್ತು ಅನ್ನುವ ಹಾಗೆ ಮುಖ ಮಾಡುವವರು ಇದ್ದಾರೆ, ಬಾಯಲ್ಲಿ ಅಂದರೆ ಕೇಸ್ ಪೇಪರಿನಲ್ಲೂ ಬರೆಯಬೇಕಾಗುತ್ತದೆ.

ಹಿರಿಯ ಡಾಕ್ಟರು ಓದಿ ಒಪ್ಪಿದರು. ಬರ್ತ್ ಪ್ಲಾನ್ ಅವರ ಫಾರಂನಲ್ಲೇ ಇರಲಿ, ಹಿಂದೆ ಒಂದು ಖಾಲಿ ಹಾಳೆ ಲಗತ್ತಿಸುತ್ತೇನೆ ಅಂದೆ, ಅದಕ್ಕೂ ಹೂಂ. ಟಿಪ್ಪಣಿ ಬಿಟ್ಟುಕೊಟ್ಟೆ.

ಸಿಕ್ಕಿಹಾಕಿಕೊಂಡದ್ದು ಬೇರೆ ಕಡೆ. ಡೊಂಬಿವಲಿ ಅಕ್ಕನ ಮಾತು ತಲೆಯಲ್ಲಿತ್ತು. ಡೂಲಾಗೆ ಸಂಬಳ ಆಸ್ಪತ್ರೆ ಕೊಡುತ್ತದೆ, ಹೊರಗಿನ ಡೂಲಾ ಬೇಕಿದ್ದರೆ ತಾಯಿ ಕರೆತರಬಹುದು ಅಂತ ಪ್ಯಾಕೇಜಿನ ಕಾಗದದಲ್ಲಿ ಅಚ್ಚು ಹಾಕಿಸಿ ಅಂದೆ. ಹಿರಿಯ ಡಾಕ್ಟರಿಗೆ ತೊಂದರೆ ಇರಲಿಲ್ಲ. ಮಾರ್ಕೆಟಿಂಗ್‌ನವನು ಎದ್ದೇ ನಿಂತ. ಅದನ್ನು ಓದಿದರೆ ಪೇಷಂಟಿಗೆ ಸಂಶಯ ಬರುತ್ತದೆ ಮೇಡಂ ಅಂದ.

ಡೊಂಬಿವಲಿ_ಸೊಸೆ:
ಬರಲಿ ಬಿಡಿ! ಆ ಸಾಲು ಇಲ್ಲದೆ ಸಹಿ ಹಾಕಬೇಡಿ.

ಘಾಟ್ಕೋಪರ್_ಮಾವ:
ಮನೆ ಕಂತು ಯಾರು ಕಟ್ಟುತ್ತಾರೆ ಮಾರಾಯ್ತಿ? ನೀನಾ? ಸಹಿ ಹಾಕಲಿ. ಮೊದಲ ಭೇಟಿಯಲ್ಲಿ ಗಂಡಂದಿರಿಗೆ ಹೇಳುತ್ತಾರಲ್ಲ, ಹಾಗೇ ಸಂಬಳದ ವಿಷಯವನ್ನೂ ಬಾಯಲ್ಲೇ ಹೇಳಲಿ.

ಕೊಥ್ರೂಡ್_ಧಾರವಾಡದಾಕೆ:
ಬಾಯಲ್ಲಿ ಹೇಳುವುದು ಹೇಗೂ ಇದ್ದದ್ದೇ ಮಾವ. ಆದರೆ ನಾನು ಬಿಟ್ಟ ಮೇಲೆ ಬರುವವಳು ಹೇಳುತ್ತಾಳಾ? ಅದಕ್ಕೇ ಅಚ್ಚಿನಲ್ಲಿ ಬೇಕು. ಸೋಮವಾರ ಮತ್ತೆ ಕರೆದಿದ್ದಾರೆ.

ಹಡಪ್ಸರ್_ಸಿಸ್ಟರ್:
ಸೋಮವಾರ ಹೋದಾಗ ಇನ್ನೊಂದು ಕೇಳಿ. ಸಂಬಳಕ್ಕೆ ಸೇರಿದ ಮೇಲೆ ಒಂದೇ ಹೊತ್ತಿಗೆ ಎಷ್ಟು ತಾಯಂದಿರು ಅಂತ. ಒಬ್ಬಳೇ ಅಂತ ಬರೆಸಿಕೊಳ್ಳಿ. ಇಲ್ಲದಿದ್ದರೆ ಎರಡೇ ತಿಂಗಳಲ್ಲಿ ನಿಮ್ಮನ್ನೂ ನನ್ನ ಹಾಗೆ ಮೂರು ಹಾಸಿಗೆ ನಡುವೆ ಓಡಿಸುತ್ತಾರೆ.

ವಾಕಡ್_ಟೆಕ್ಕಿ:
ಅಮ್ಮನಿಗೆ 39 ವಾರದ ವಿಷಯ ಹೇಳಿದೆ. ಮುಹೂರ್ತ ನಾಲ್ಕು ದಿನ ಮುಂದಕ್ಕೆ ಹೋಗಿದೆ. ಹೆಂಡತಿ ಇನ್ನೂ ಬೇಡವೇ ಅನ್ನುತ್ತಿದ್ದಾಳೆ. ಅವಳ ನಂಬರ್ ನಿಮಗೆ ಕಳಿಸಲಾ?

ಕೊಥ್ರೂಡ್_ಧಾರವಾಡದಾಕೆ:
ಬೇಡ, ನನ್ನ ನಂಬರ್ ಅವರಿಗೆ ಕೊಡಿ. ಬೇಕು ಅನ್ನಿಸಿದರೆ ಅವರೇ ಮಾಡಲಿ.